ಹಿಂಬದಿ ಕೋಣೆಯ ರೋಗಿ

ಸಿಹಿನೀರಿನ ಬೋಗುಣಿಗೆ ಬಿಟ್ಟ ಹಳದಿ ಮೀನು ಅರೆಗಳಿಗೆ ಮಗ್ಗುಲಾಗಿ ಮಲಗಿಬಿಟ್ಟಿತು. ಸಮುದ್ರದ ಮೀನಿಗೆ ಉಪ್ಪಿಲ್ಲದ ನೀರೆಂದರೆ ಶಿಕ್ಷೆಯೇ. ಆದರೆ ಅದರ ಮೈಗೆ ಕಚ್ಚಿಕೊಂಡ ಹುಳುಗಳಿಗೆ ಇನ್ನೂ ದೊಡ್ಡ ಶಿಕ್ಷೆ. ಸೊಸೆ ಅಂಗೈಯನ್ನು ಮೀನಿನ ಕೆಳಗೇ ಹಿಡಿದು ಉಸಿರು ಬಿಗಿಹಿಡಿದಳು. ಸ್ವಲ್ಪ ಹೊತ್ತಿಗೆ ಬೋಗುಣಿಯ ತಳದಲ್ಲಿ ಎಳ್ಳಿನಷ್ಟು ದೊಡ್ಡ ಹುಳುಗಳು ಉದುರಿದವು. ಮೈಮೇಲಿನ ಬಿಳಿ ಚುಕ್ಕೆಗಳು ಮಾತ್ರ ಕದಲಲಿಲ್ಲ. ಅಂದರೆ ಇದಕ್ಕೆ ರೋಗ ಒಂದಲ್ಲ. ಹುಳುವಿನದೊಂದು, ಚುಕ್ಕೆಯದೊಂದು, ಸಾಲದ್ದಕ್ಕೆ ಬಾಲದ ಅಂಚು ಬೇರೆ ಕೊಳೆಯತೊಡಗಿತ್ತು.

"ಅಷ್ಟು ಸಣ್ಣ ಜೀವಕ್ಕೆ ಎಷ್ಟು ಅಂತ ಬರುತ್ತೆ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಕಚೇರಿ, ಆಸ್ಪತ್ರೆಗಳಲ್ಲಿಟ್ಟ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಸೊಸೆಯ ಕೆಲಸ. ಮಕ್ಕಳ ಆಸ್ಪತ್ರೆಯ ತೊಟ್ಟಿಗೆ ರೋಗ ಹೊಕ್ಕು ಇದ್ದಬದ್ದ ಮೀನೆಲ್ಲ ಸತ್ತಮೇಲೆ ಅಲ್ಲಿ ಬರೀ ನೀರಿತ್ತು. ಸೂಜಿಗೆ ಹೆದರಿ ಅಳುವ ಮಕ್ಕಳು ಗಾಜಿಗೆ ಮೂಗೊತ್ತಿ ನೋಡಿ, ಏನೂ ಕಾಣದೆ ಮತ್ತೆ ಅಳುತ್ತಿದ್ದರು. ಅವರಿಗೆಂದೇ ತಂದ ಈ ಮೀನು ಪೂರ್ತಿ ವಾಸಿಯಾಗದೆ ಆ ನೀರಿಗಿಳಿಯುವಂತಿರಲಿಲ್ಲ. ಇದೂ ಸತ್ತರೆ ತೊಟ್ಟಿಯನ್ನೇ ಎತ್ತಿಸಿಬಿಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿಯೂ ಆಗಿತ್ತು. ಹಾಗಾಗಿ ಅದನ್ನು ಮನೆಯ ಹಿಂಬದಿ ಕೋಣೆಯಲ್ಲಿ ಒಂಟಿಯಾಗಿ ಇಟ್ಟಿದ್ದಳು. ಮರಳಿಲ್ಲ, ಗಿಡವಿಲ್ಲ, ನಾಲ್ಕು ಗಾಜು, ಅಡಗಿಕೊಳ್ಳಲು ಒಂದು ತುಂಡು ಪ್ಲಾಸ್ಟಿಕ್ ಪೈಪು. ನನಗೆ ಜ್ವರ ಬಂದಾಗ ಒಂದು ಮಾತ್ರೆ ಕೊಟ್ಟು ಮಲಕ್ಕೋ ಅಂದವಳು ನೀನೇನಾ ಎಂದು ಗಂಡ ರೇಗಿಸಿದ.

ಎಲ್ಲ ಔಷಧವನ್ನೂ ಒಟ್ಟಿಗೆ ಸುರಿದರೆ ರೋಗಕ್ಕಿಂತ ಮೊದಲು ಮೀನೇ ಹೋಗುತ್ತದೆ. ಮೊದಲು ಹುಳುವಿಗೆ ಹಾಕಿದಳು, ಅದು ಕೇಳಿತು. ಆಮೇಲೆ ಚುಕ್ಕೆಗೆಂದು ತಾಮ್ರದ ಔಷಧ. ಅದರ ಹದ ಬಲು ನಾಜೂಕು: ಕಡಿಮೆಯಾದರೆ ಚುಕ್ಕೆಗೆ ಲೆಕ್ಕಕ್ಕಿಲ್ಲ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಬಾಲದ ಔಷಧವನ್ನು ತಿನಿಸಿನಲ್ಲಿ ಬೆರೆಸಿಟ್ಟರೆ ರೋಗಿ ಬಾಯಿಯನ್ನೇ ತೆರೆಯಲಿಲ್ಲ.

ಹೊಸ್ತಿಲ ಆಚೆ ಒಂದು ಸ್ಟೂಲಿತ್ತು. ಹೋದ ವರ್ಷ ಅತ್ತೆ ಅಂಟುವ ಕಾಯಿಲೆಯಿಂದ ಇದೇ ಕೋಣೆಯಲ್ಲಿದ್ದಾಗ ಸೊಸೆ ಒಳಗೆ ಕಾಲಿಡದೆ ಅವರ ಊಟದ ತಟ್ಟೆ ಇಡುತ್ತಿದ್ದದ್ದು ಅದರ ಮೇಲೆ. ಈಗ ಅಲ್ಲೇ ಗಾಜಿನ ನಳಿಕೆ ಇಟ್ಟುಕೊಂಡು, ಅದರಲ್ಲಿ ತುಂಬಿದ ತೊಟ್ಟಿಯ ನೀರಿಗೆ ಪರೀಕ್ಷೆಯ ಹನಿ ಹಾಕಿ, ತಾಮ್ರ ಎಷ್ಟಿದೆಯೆಂದು ಬಣ್ಣ ನೋಡುತ್ತಿದ್ದಳು. ಬೆಳಿಗ್ಗೆ ಸರಿಯಾಗಿರುತ್ತಿದ್ದ ತಾಮ್ರ ಸಂಜೆ ಅವಳು ಕೆಲಸದಿಂದ ಬರುವಷ್ಟರಲ್ಲಿ ಇಳಿದಿರುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಅದೇ ಕತೆ. ಔಷಧ ಹಳತಾಗಿರಬೇಕೆಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಹೊಸ ಸೀಸೆ ತಂದಳು. ಕೊನೆಗೆ ತನ್ನ ಕಣ್ಣನ್ನೇ ಅನುಮಾನಿಸಿದಳು. ಚುಕ್ಕೆಗಳು ದಟ್ಟವಾದವು, ಮೀನು ಬಡಕಲಾಯಿತು. ಅವಳಿಗೆ ಅಳು ಬರುವಂತಾಗಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಮನೆಗೆ ಬಂದಳು. ಅತ್ತೆ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಟ್ಟಿಯೊಳಗೆ, ಮಾವ ಬದುಕಿದ್ದಾಗ ಸಮುದ್ರದ ದಂಡೆಯಿಂದ ಆಯ್ದು ತಂದು ಷೋಕೇಸಿನಲ್ಲಿಟ್ಟಿದ್ದ ಹವಳದ ಕಲ್ಲು. ಅದರ ಮರೆಯಲ್ಲಿ ಮೀನು ಆರಾಮವಾಗಿ ನಿಂತಿತ್ತು. ಕಿಟಕಿಯ ಮೇಲೆ, ಸಂಜೆ ಕಲ್ಲನ್ನು ಒರೆಸಿಡುವುದಕ್ಕೆ ಒಂದು ಟವೆಲ್ಲೂ ಸಿದ್ಧವಾಗಿತ್ತು.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಸುಣ್ಣದಂಥ ಆ ಕಲ್ಲು ತಾಮ್ರವನ್ನೆಲ್ಲ ಹೀರಿಕೊಳ್ಳುತ್ತದೆ, ಇಷ್ಟು ದಿನ ತಾನು ಔಷಧ ಹಾಕಿದ್ದು ಮೀನಿಗಲ್ಲ, ಕಲ್ಲಿಗೆ ಎಂದು ಒಂದೇ ಉಸಿರಿಗೆ ಹೇಳಿದಳು.

"ನಂಗೇನು ಗೊತ್ತಮ್ಮ," ಎಂದರು ಅತ್ತೆ. ನಿಜಕ್ಕೂ ಗಾಬರಿಯಾಗಿದ್ದರು. "ನೋಡೋಕೆ ಅಂತ ಒಂದೂ ಇಲ್ಲ ಅದಕ್ಕೆ. ನಾಲ್ಕು ಗೋಡೆ ನೋಡ್ಕೊಂಡು ಎಷ್ಟೂಂತ ಇರುತ್ತೆ? ನೀನು ಬೈತೀಯ ಅಂತ ಸಂಜೆ ತೆಗೀತಿದ್ದೆ."

"ಒಂಟಿಯಾಗಿಟ್ಟಿದ್ದಕ್ಕೇ ಅಲ್ವಾ ಅತ್ತೆ ನಿಮಗೆ ವಾಸಿಯಾಗಿದ್ದು?"

"ವಾಸಿಯೇನೋ ಆಯ್ತು," ಎಂದು ಅತ್ತೆ ಸೆರಗು ಸಿಕ್ಕಿಸಿ, ಕಲ್ಲನ್ನು ತಾವೇ ಎತ್ತಿದರು.

ಅವತ್ತಿನಿಂದ ತಾಮ್ರದ ಬಣ್ಣ ಬೆಳಿಗ್ಗೆಯಂತೆ ಸಂಜೆಯೂ ನಿಂತಿತು. ಚುಕ್ಕೆಗಳು ಒಂದೊಂದಾಗಿ ಉದುರಿದವು. ಕಲ್ಲು ಹೋದರೂ ಅತ್ತೆಯ ಕುರ್ಚಿ ಕದಲಲಿಲ್ಲ. ಯಾರೂ ಇಲ್ಲದಿದ್ದರೆ ಪೈಪಿನೊಳಗೆ ಸೇರುವ ಮೀನು ಅವರನ್ನು ಕಂಡರೆ ಗಾಜಿನ ಹತ್ತಿರ ಬರುತ್ತಿತ್ತು. ಒಂದು ದಿನ ಅತ್ತೆ ಬೆರಳ ತುದಿಯಲ್ಲಿ ಹಿಡಿದ ಔಷಧದ ತಿನಿಸನ್ನು ಚಕ್ಕನೆ ಕಚ್ಚಿಕೊಂಡಿತು. ಸುದ್ದಿ ಅಡುಗೆಮನೆಗೆ ಮುಟ್ಟಿದ್ದೇ, ಸೊಸೆ ಖುಷಿಯಿಂದ ಅತ್ತೆಗೆ ಕಾಫಿ ಬೆರೆಸಿಕೊಂಡು ಹೊರಟಳು.

ಹೊಸ್ತಿಲ ಬಳಿ ಅವಳ ಕಾಲು ತಾನಾಗಿಯೇ ನಿಂತಿತು. ಲೋಟವನ್ನು ಸ್ಟೂಲಿನ ಮೇಲಿಟ್ಟು, ಕಾಫಿ ಇಟ್ಟಿದೀನಿ ಎಂದು ತಿರುಗಿದಳು.

"ಮೀನಿಗಾದ್ರೆ ಒಳಗೇ ಬರ್ತೀಯ," ಎಂದರು ಅತ್ತೆ, ತೊಟ್ಟಿಯಿಂದ ಕಣ್ಣು ತೆಗೆಯದೆ.