ಅಪ್ಪನ ಹೆಸರಿಗೆ ಬಿಟ್ಟ ನೀರು

ಹುರಿದ ಕರಿ ಎಳ್ಳಿನ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಕೊರೊನಾ ಕಾಲದಲ್ಲಿ, ಮೈಸೂರಿನಲ್ಲಿ ತಾತ ತೀರಿಕೊಂಡಾಗ, ವಿಮಾನಗಳಿರಲಿಲ್ಲ. ಮೊದಲ ತಿಂಗಳ ತರ್ಪಣವನ್ನು ಅಪ್ಪ ಜಪಾನಿನ ನಿಶಿ ಕಸಾಯಿಯ ನಮ್ಮ ಮನೆಯಲ್ಲೇ, ಫೋನಿನೆದುರು ಕೂತು ಮಾಡಿದರು. ಅವರಿಗೆ ಜ್ವರ ಆಗಷ್ಟೇ ಬಿಟ್ಟಿತ್ತು. ಪರದೆಯಲ್ಲಿ ಪುರೋಹಿತರೂ ಅಜ್ಜಿಯೂ ಇದ್ದರು.

“ಹುರಿದ ಎಳ್ಳು ಆಗಲ್ಲಮ್ಮ,” ಎಂದರು ಪುರೋಹಿತರು.

“ಅಲ್ಲಿ ಅಂಗಡೀಲಿ ಸಿಗೋದೇ ಅದಂತೆ. ನಮ್ಮ ಯಜಮಾನರಿಗೂ ಹುರಿದಿದ್ದೇ ಇಷ್ಟ, ಬಿಡಿ,” ಎಂದರು ಅಜ್ಜಿ.

ನೀರು ಬಿಡುವುದು ತೀರಿಕೊಂಡವರಿಗೆ ಮಾತ್ರ ಎಂದು ಅಮ್ಮ ಮೊದಲೇ ಹೇಳಿದ್ದರು. ಅಪ್ಪ ತಾತನ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ಆಮೇಲೆ ‘ನರಸಿಂಹ’ ಎಂದರು. ಅದು ಅಪ್ಪನದೇ ಹೆಸರು.

“ದಾಮೆ!” ಬೇಡವೆಂದು ಜಪಾನಿಯಲ್ಲೇ ಕೂಗಿ ಅವರ ಕೈ ಹಿಡಿದೆ. ಕೈ ಇನ್ನೂ ಬೆಚ್ಚಗಿತ್ತು. ನೀರು ಚೆಲ್ಲಿತು.

“ಅಯ್ಯೋ ಪುಟ್ಟಿ, ಅದು ನಿಮ್ಮಪ್ಪ ಅಲ್ಲ ಕಣೇ, ಅವನ ತಾತ! ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರೇ ಇಡೋದು.” ಅಜ್ಜಿ ನಗಲು ನೋಡಿದರು, ಆಗಲಿಲ್ಲ.

“ಇನ್ನೊಂದ್ಸಲ ಬಿಡಿ,” ಎಂದರು ಪುರೋಹಿತರು.

ಅಪ್ಪ ಅದೇ ಹೆಸರು ಹೇಳಿ ಮತ್ತೆ ನೀರು ಬಿಟ್ಟರು. ಎಲ್ಲ ಮುಗಿಯುವವರೆಗೂ ನಾನು ಅವರ ಪಂಚೆಯ ಅಂಚನ್ನು ಬಿಡಲಿಲ್ಲ.