ಬಯಕೆಯ ನೀರು

ತಾರಸಿಯ ಮೇಲೆ ಕಟ್ಟಿದ್ದ ಬಿಳಿ ಪಂಚೆಯನ್ನು ನೋಡಿ ಲಕ್ಷ್ಮೀಕಾಂತ ತಲೆಯ ಮೇಲೆ ಕೈ ಹೊತ್ತು ಕುಳಿತ. ನಾಲ್ಕು ಮೂಲೆಗೂ ಹಗ್ಗ ಬಿಗಿದು, ನಡುವೆ ಗುಂಡುಕಲ್ಲಿಟ್ಟು, ಕೆಳಗೆ ಕೊಡ ಇಟ್ಟು, ಹೆಂಡತಿ ಹೇಳಿಕೊಟ್ಟಂತೆಯೇ ಮಳೆ ಹಿಡಿದಿದ್ದ. ಪಂಚೆಯ ತುಂಬ ಮಸಿ. ಕೊಡದ ನೀರು ಮೂಸಿದರೆ ಲಾರಿ ಹೊಗೆಯ ನಾತ.

"ಮೊದಲ್ನೇ ಮಳೆ ಬಿಟ್ಟು ಹಿಡೀಬೇಕು ಅಂದಿದ್ನಲ್ರೀ" ಎಂದಳು ಪ್ರಮೀಳಾ.

"ಇದು ಮೂರ್ನೇ ಮಳೆ ಕಣೇ. ತುಮಕೂರಲ್ಲಿ ಎಲ್ಲಾ ಮಳೇನೂ ಮೊದಲ್ನೇ ಮಳೇನೇ."

ತುಂಬು ಬಸುರಿ ಪ್ರಮೀಳಾಗೆ ಮಾವಿನಕಾಯಿ ಬೇಡ, ಹುಣಸೆಹಣ್ಣು ಬೇಡ. ತವರಿನಲ್ಲಿ ಅಮ್ಮ ಸೀರೆ ಕಟ್ಟಿ ಹಿಡಿಯುತ್ತಿದ್ದ ಮಳೆನೀರು ಒಂದು ಲೋಟ ಬೇಕು. ಆ ಸಿಹಿ ಇನ್ನೂ ನಾಲಿಗೆಯ ತುದಿಯಲ್ಲೇ ಇದೆ ಎನ್ನುತ್ತಿದ್ದಳು. ಊರಿಗೆ ಹೋಗೋಣವೆಂದರೆ ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಗುಬ್ಬಿಯ ಬೋರ್‌ವೆಲ್ ನೀರು ಕುಡಿದೇ ಬೆಳೆದ ಲಕ್ಷ್ಮೀಕಾಂತನಿಗೆ, ನೀರಿಗೂ ಯಾರಾದರೂ ಆಸೆಪಡುತ್ತಾರೆಯೇ ಎಂದು ಮೊದಲು ನಗು ಬಂದಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದಂತೆ. ಅದನ್ನು ಅವನೇನೂ ನಂಬುತ್ತಿರಲಿಲ್ಲ. ಆದರೂ ಆ ಮಸಿ ಪಂಚೆಯನ್ನು ಅವಳು ನೋಡಿದ ನೋಟಕ್ಕೆ ಕರುಳು ಚುರ್ರೆಂದಿತು.

ಹುಲಿಯೂರುದುರ್ಗದ ಪಕ್ಕದ ಹಳ್ಳಿಯಲ್ಲಿದ್ದ ಅತ್ತೆ ದೊಡ್ಡಗಂಗಮ್ಮನಿಗೆ ಫೋನ್ ಮಾಡಿದ. ಅಲ್ಲಿ ಮಳೆ ಬಂದ ಮಾರನೆಯ ದಿನವೇ ಕುಣಿಗಲ್ ಮೇಲೆ ಬರುವ ಬಸ್ಸಿನಲ್ಲಿ ನೀರಿನ ಕ್ಯಾನ್ ಬಂತು. ಅವನು ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಅತ್ತೆಯ ಫೋನು.

"ಅಳಿಯಂದ್ರೇ, ನಿಮ್ಗೊಬ್ರಿಗೇ ಹೇಳ್ತೀನಿ. ಅದು ಮಳೆ ನೀರಲ್ಲ."

"ಮತ್ತೆ?"

"ಗುಡ್ಡದ ಮಗ್ಗುಲಿಗೆ ಜಲ್ಲಿ ಕ್ರಷರ್ ಬಂದೈತಲ್ಲ, ಸೀರೆ ತುಂಬ ಕಲ್ಲಿನ ಧೂಳು. ಹೊಟ್ಟೇಲಿ ಕೂಸಿಟ್ಕೊಂಡಿರೋಳ್ಗೆ ಅದ್ನ ಹೆಂಗ್ ಕಳ್ಸಲಿ? ಊರಿನ ಫಿಲ್ಟರ್ ನೀರೇ ತುಂಬ್ಸಿವ್ನಿ. ಅವ್ಳಿಗೆ ಹೇಳ್ಬ್ಯಾಡಿ, ಪಾಪ, ಆಸೆ ಪಟ್ಟವ್ಳೆ."

ಮನೆಯಲ್ಲಿ ಪ್ರಮೀಳಾ ತವರಿನ ಹಿತ್ತಾಳೆ ಲೋಟ ತೊಳೆದಿಟ್ಟುಕೊಂಡೇ ಕಾದಿದ್ದಳು. ಕ್ಯಾನ್ ಬಗ್ಗಿಸಿ ನೀರು ತುಂಬಿಕೊಂಡು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಲಕ್ಷ್ಮೀಕಾಂತ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಇನ್ನೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು ಫೋನ್ ಎತ್ತಿಕೊಂಡಳು.

"ಅಮ್ಮಾ, ಅದೇ ರುಚಿ ಕಣಮ್ಮ. ನೀನ್ ಸೀರೆ ಕಟ್ಟಿ ಹಿಡಿದಿದ್ದು ಅಂತ ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು."

ಅತ್ತ ದೊಡ್ಡಗಂಗಮ್ಮ ಮೂಗು ಸೊರ್ರೆಂದು ಎಳೆದುಕೊಂಡದ್ದು ಇವನಿಗೂ ಕೇಳಿಸಿತು. ಬದುಕಿದೆಯಾ ಬಡಜೀವವೇ ಎಂದು ಲಕ್ಷ್ಮೀಕಾಂತ ಉಸಿರುಬಿಟ್ಟ.

ಫೋನಿಟ್ಟ ಪ್ರಮೀಳಾ ಕ್ಯಾನಿನಲ್ಲಿ ಉಳಿದದ್ದನ್ನು ಅಡುಗೆಮನೆಗೆ ಒಯ್ದು, ದಿನವೂ ಕುಡಿಯುವ ಫಿಲ್ಟರ್ ನೀರಿನ ಡ್ರಮ್ಮಿಗೆ ಸುರಿಯತೊಡಗಿದಳು.

"ಏ, ಅದನ್ಯಾಕೆ ಇದಕ್ಕೆ ಬೆರೆಸ್ತೀಯ?"

"ಎರಡೂ ಒಂದೇ ನೀರಲ್ವೇನ್ರೀ" ಎಂದಳು, ತಿರುಗಿ ನೋಡದೆ. "ಅಮ್ಮಂಗೆ ಮಾತ್ರ ಹೇಳ್ಬೇಡಿ."