ಅಂಬಿಕಾಳ ಪ್ರಗತಿ ವರದಿ

ಮೌಲ್ಯಮಾಪನಕ್ಕೆಂದು ಜಿಲ್ಲೆಯಿಂದ ಬಂದ ಶಾಜಿಯಾ ಮೇಡಂ ಚೀಲದಿಂದ ಚಿತ್ರದ ಕಾರ್ಡುಗಳನ್ನು ಹೊರತೆಗೆದ ಕೂಡಲೇ ಅನಿಲಕುಮಾರ ಬಾಗಿಲ ಹತ್ತಿರ ಸರಿದು ನಿಂತ. ಇನ್ನು ಐದೇ ನಿಮಿಷ. ಅಷ್ಟರಲ್ಲಿ ತನ್ನ ಹನ್ನೊಂದು ತಿಂಗಳ ಸುಳ್ಳು ಪಾಮನಕಲ್ಲೂರಿನ ಈ ಪಡಸಾಲೆಯಲ್ಲಿ ಬಯಲಾಗುತ್ತದೆ. ಗುತ್ತಿಗೆಯ ನೌಕರಿ ಇವತ್ತೇ ಹೋಗುತ್ತದೆ.

ಅವನು ವಿಶೇಷ ಶಿಕ್ಷಕ. ತೀವ್ರ ಬೌದ್ಧಿಕ ವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ಅವನ ಕೆಲಸ. ಹಿಂದೆ ಇದ್ದವರಿಂದ ಫೈಲು ವಹಿಸಿಕೊಂಡಾಗ ಅದರಲ್ಲಿ ಅಂಬಿಕಾಳ ಹೆಸರಿತ್ತು. ಹತ್ತು ವರ್ಷ, ಶೇಕಡಾ ಎಪ್ಪತ್ತೈದು ವೈಕಲ್ಯ, ವಾರಕ್ಕೊಂದು ಭೇಟಿ. ಸಿಂಧನೂರಿನಿಂದ ಮಸ್ಕಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಮೊದಲ ವಾರ ಬಿಸಿಲು ಜೋರಿತ್ತು. ಎರಡನೇ ವಾರ ಬಸ್ಸು ತಪ್ಪಿತು. ಮೂರನೇ ವಾರಕ್ಕೆ ನೆಪವೂ ಬೇಕಾಗಲಿಲ್ಲ.

ಪ್ರಗತಿ ವರದಿಯನ್ನು ಮಾತ್ರ ತಿಂಗಳು ತಪ್ಪದೆ ಬರೆದ. ಒಂದು ಪ್ರತಿ ಕಚೇರಿಗೆ, ಇನ್ನೊಂದು ಅಂಚೆಯಲ್ಲಿ ಹುಡುಗಿಯ ಮನೆಗೆ. ಪಾಲಕರ ಹೆಬ್ಬೆಟ್ಟಿನ ಜಾಗದಲ್ಲಿ ತನ್ನದೇ ಹೆಬ್ಬೆಟ್ಟು ಒತ್ತಿದ. ಸೊನ್ನೆ ಬರೆದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ನಮ್ಮ ಮೇಷ್ಟ್ರು ಬರೆಯುವುದರಲ್ಲಿ ಧಾರಾಳಿ. ಶ್ರಾವಣದಲ್ಲಿ ಅಂಬಿಕಾ ಇಂಗ್ಲಿಷಿನ 'ವಾಟರ್' ಗುರುತಿಸಿದಳು. ದಸರೆಗೆ 'ಡೋರ್', 'ಸ್ಪೂನ್'. ಸಂಕ್ರಾಂತಿಯ ಹೊತ್ತಿಗೆ ತಾಯಿಯ ಕಡೆ ಬೆರಳು ಮಾಡಿ 'ಮದರ್' ಅಂದಳು.

ಅಷ್ಟರಲ್ಲಿ ಇಂಥ ಮಕ್ಕಳ ಇಂಗ್ಲಿಷ್ ಎಲ್ಲಿಗೆ ಬಂದಿದೆಯೆಂದು ಮನೆಗೇ ಹೋಗಿ ಪರೀಕ್ಷಿಸಬೇಕೆಂಬ ಆದೇಶ ಬಂತು. ಮೇಡಂ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹೆಸರನ್ನೇ ಆರಿಸಿದರು.

ಎರಡು ದಿನದ ಹಿಂದೆ ಅವನು ಹುಡುಗಿಯ ತಾಯಿ ಪೀರಮ್ಮನಿಗೆ ಫೋನು ಮಾಡಿದ್ದ. ಅದೇ ಮೊದಲ ಸಲ.

"ಯಕ್ಕಾ, ದೊಡ್ಡ ಮೇಡಂ ಬರಾಕತ್ತಾರ. ನಾ ವಾರಾ ವಾರಾ ಬರ್ತೀನಿ ಅಂತ ಹೇಳ್ರಿ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ಸರ, ನಮ್ಮ ಅಂಬಿಕಾ..."

"ಅಕೀಗೆ ಏನೂ ಬರದಿದ್ರೂ ನಡೀತೈತಿ. ಹುಡುಗೀನ ಕುಂದ್ರಿಸ್ರಿ, ಅಷ್ಟ ಸಾಕು."

ಪೀರಮ್ಮ, "ಆತ್ರಿ, ಕುಂದ್ರಸ್ತೀನಿ," ಎಂದಿದ್ದಳು.

ಮೇಡಂ ಜೊತೆ ಬರುವಾಗ ಮಸ್ಕಿಯಲ್ಲಿ ಅವರ ಜೀಪು ನಿಲ್ಲಿಸಿ ಅಂಬಿಕಾಳಿಗೆಂದು ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡಿದ್ದ. ಹನ್ನೊಂದು ತಿಂಗಳಿಗೆ ಒಂದು ಪೊಟ್ಟಣ. ಅದನ್ನು ಕೊಡಲೂ ಈಗ ಕೈ ಬರಲಿಲ್ಲ.

ಹುಡುಗಿ ಗೋಡೆಗೊರಗಿ ಕುಳಿತಿದ್ದಳು. ಹಸಿರು ಫ್ರಾಕು ಭುಜದಲ್ಲಿ ಬಿಗಿಯಾಗಿತ್ತು. ಮೇಡಂ "ಅಂಬಿಕಾ" ಎಂದು ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಪೀರಮ್ಮ ಮೈ ಮುಟ್ಟಿದ ಮೇಲೆ ಎತ್ತಿದಳು. ಇನ್ನೇನು ಮುಗಿಯಿತು, ಎಂದುಕೊಂಡ ಅನಿಲಕುಮಾರ.

ಮೇಡಂ ನಾಲ್ಕು ಕಾರ್ಡು ಹರಡಿದರು. "ಶೋ ಮೀ ವಾಟರ್."

ಹುಡುಗಿ ಪೀರಮ್ಮನ ಮುಖ ನೋಡಿದಳು. ನಿಧಾನವಾಗಿ ನೀರಿನ ಕೊಡದ ಚಿತ್ರದ ಮೇಲೆ ಬೆರಳಿಟ್ಟಳು.

"ಡೋರ್." ಬಾಗಿಲಿನ ಮೇಲೆ ಇಟ್ಟಳು. "ಸ್ಪೂನ್." ಚಮಚದ ಮೇಲೆ ಇಟ್ಟಳು. ಮೇಡಂ ಕಾರ್ಡುಗಳನ್ನು ಅದಲು ಬದಲು ಮಾಡಿ ಮತ್ತೆ ಕೇಳಿದರು. ಬೆರಳು ತಪ್ಪಲಿಲ್ಲ.

"ವೇರ್ ಈಸ್ ಮದರ್?"

ಈ ಸಲ ಹುಡುಗಿ ತುಸು ತಡೆದಳು. ಆಮೇಲೆ ಪೀರಮ್ಮನ ಕಡೆ ಬೆರಳು ಮಾಡಿದಳು. ಪೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅನಿಲಕುಮಾರನಿಗೆ ಎಲ್ಲ ಅರ್ಥವಾಯಿತು. ಓದು ಬಾರದ ಈ ಹೆಂಗಸು ತನ್ನ ವರದಿಗಳನ್ನು ಯಾರಿಂದಲೋ ಓದಿಸಿ, ಅದರಲ್ಲಿದ್ದುದನ್ನೆಲ್ಲ ಮಗಳಿಗೆ ಒಂದೊಂದಾಗಿ ಕಲಿಸಿದ್ದಾಳೆ. ತಾನು ಬರೆದ ಸುಳ್ಳನ್ನು ನಿಜ ಮಾಡಿದ್ದಾಳೆ. ಸಂಬಳ ಎಣಿಸಿಕೊಂಡವನು ಮಾತ್ರ ತಾನು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಎಪ್ಪತ್ತೈದು ಅಂತ ಯಾರ್ ಬರದಾರ್ರಿ ಇದನ್ನ?" ಮೇಡಂ ಖುಷಿಯಿಂದ ಫೈಲು ಮುಚ್ಚಿದರು. "ಇಕಿ ಜೂನಿಗೆ ಸಾಲಿಗೇ ಬರ್ಬೇಕು. ಅನಿಲಕುಮಾರ, ಹಿಂಗ ಕೆಲಸ ಮಾಡಾವ್ರು ಎಷ್ಟ ಮಂದಿ ಅದಾರ? ಬರೂ ವಾರ ಲಿಂಗಸುಗೂರಿನ ತರಬೇತಿಯೊಳಗ ನೀವ ಮಾತಾಡ್ಬೇಕು."

ಸಾಲಿ ಎಂಬ ಮಾತು ಕೇಳಿ ಪೀರಮ್ಮ ಎದ್ದು ಒಳಗೆ ಹೋದಳು.

ಮೇಡಂ ಜೀಪಿನ ಕಡೆ ನಡೆದರು. ಅನಿಲಕುಮಾರ ಅಲ್ಲೇ ಉಳಿದ. ಪೀರಮ್ಮ ಹೊರಗೆ ಬಂದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಯಕ್ಕಾ, ನಾ ಒಂದಿನಾನೂ ಬಂದಿಲ್ಲ. ಎಲ್ಲಾ ನೀವ ಕಲಿಸೀರಿ. ಹೆಸರು ನನಗ ಬಂತು. ತಪ್ಪಾತ್ರಿ. ಈಗ ಹೋಗಿ ಮೇಡಂ ಮುಂದ ಇದ್ದದ್ದ ಇದ್ದಂಗ ಹೇಳ್ತೀನಿ."

"ಬ್ಯಾಡ್ರಿ." ಪೀರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ತಿಂಗಳಾ ತಿಂಗಳಾ ನಿಮ್ಮ ಕಾಗದ ಬರ್ತಿತ್ತು. ಯಾರ ಕಡಿಂದರ ಓದಸ್ತಿದ್ದೆ. ಅದರಾಗ ನನ್ನ ಮಗಳು ಶ್ಯಾಣ್ಯಾಕಿ ಆಗಾಕತ್ತಿದ್ಲು. ನಿಲ್ಲಸ್ರಿ ಅನ್ನಾಕ ನನಗ ಮನಸ್ಸ ಬರ್ಲಿಲ್ಲ."

ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹುಡುಗಿ ಚಕ್ಕನೆ ಎದ್ದು ನಿಂತಳು.

"ದೊಡ್ಡವ್ವ, ಲಿಂಗಸುಗೂರ ಬಸ್ಸಿನ ಹೊತ್ತಾತು. ನಾಳೆ ನನಗ ಪರೀಕ್ಷಾ ಐತಿ," ಎಂದಳು.

ಅನಿಲಕುಮಾರ ಒಮ್ಮೆ ಅವಳನ್ನು, ಒಮ್ಮೆ ಪೀರಮ್ಮನನ್ನು ನೋಡಿದ.

"ನನ್ನ ತಂಗಿ ಮಗಳ್ರಿ," ಎಂದಳು ಪೀರಮ್ಮ.

"ಮತ್ತ ಅಂಬಿಕಾ ಎಲ್ಲಿ ಅದಾಳ?"

"ನಿಮ್ಮ ಮೊದಲ್ನೇ ಕಾಗದ ಬರೂಕಿಂತ ಮುಂಚೇನ ಅಕೀನ ಮಣ್ಣ ಮಾಡಿದ್ವಿರಿ, ಸರ."